ಜೋಡಿನೊಳಗಿನ ವಜ್ರ

ರಾಯಚೂರಿನಿಂದ ಗದ್ವಾಲದ ಮೇಲೆ ಕಾಚಿಗುಡಕ್ಕೆ ಹೋಗುವ ರೈಲಿನಲ್ಲಿ ಅವ್ವ ಕಿಟಕಿ ಬಿಟ್ಟು ಕದಲಲಿಲ್ಲ. ಕೃಷ್ಣೆಯ ಸೇತುವೆ ಬಂದೊಡನೆ ಸೆರಗಿನ ಗಂಟು ಬಿಚ್ಚಿ, ಒಂದು ರೂಪಾಯಿ ಹೊಳೆಗೆ ಒಗೆದು ಕೈಮುಗಿದಳು. ಅದು 2018ರ ಡಿಸೆಂಬರ್. ಮರುವರ್ಷ ನಿಜಾಮರ ಒಡವೆಗಳನ್ನು ದೆಹಲಿಯಲ್ಲಿ ಜನರ ನೋಟಕ್ಕೆ ಇಡುತ್ತಾರೆಂಬುದು ಆಗ ನಮಗೆ ತಿಳಿದಿರಲಿಲ್ಲ. ಹೈದರಾಬಾದನ್ನು ಇನ್ನೊಮ್ಮೆ ನೋಡಬೇಕೆಂಬುದು ಅವಳ ಆಸೆ. ಅವಳು ಹುಟ್ಟಿದಾಗ ನಮ್ಮೂರಿಗೆ ರಾಜಧಾನಿ ಹೈದರಾಬಾದೇ. ಬೆಂಗಳೂರಿನ ಹೆಸರು ಮನೆಯಲ್ಲಿ ಕೇಳಿದ್ದು ಎಷ್ಟೋ ವರ್ಷದ ಮೇಲಂತೆ.

ಇದೇ ಹೊಳೆ ಕೆಳಕ್ಕೆ ಹರಿದು ಗುಂಟೂರು ಸೀಮೆ ಸೇರುವಲ್ಲಿ ಕೊಲ್ಲೂರಿನ ವಜ್ರದ ಗಣಿಗಳಿದ್ದವು. ಗೋಲ್ಕೊಂಡದ ವಜ್ರವೆಂದು ಲೋಕವೆಲ್ಲ ಕೊಂಡಾಡಿದ್ದು ಗೋಲ್ಕೊಂಡದಲ್ಲಿ ಅಗೆದದ್ದಲ್ಲ. ಕೃಷ್ಣೆಯ ಆಸುಪಾಸಿನ ಜಲ್ಲಿಮಣ್ಣನ್ನು ಕೂಲಿಯವರು ತೊಳೆದು, ಸೋಸಿ, ಆರಿಸಿದ್ದು. ಗೋಲ್ಕೊಂಡದ ಪೇಟೆಯಲ್ಲಿ ಬಿಕರಿಯಾದದ್ದು. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೂ ಜಗತ್ತು ವಜ್ರಕ್ಕೆ ಬಹುಮಟ್ಟಿಗೆ ನಮ್ಮ ನೆಲವನ್ನೇ ನೆಚ್ಚಿಕೊಂಡಿತ್ತು. ಅವ್ವ ಕಾಸು ಒಗೆದ ನೀರು ಆ ದಾರಿಗೇ ಹೊರಟಿದೆ ಎನ್ನಿಸಿ ಮೈ ಜುಮ್ಮೆಂದಿತು.

ಗೋಲ್ಕೊಂಡ ಕೋಟೆ ಹತ್ತಲು ಅವಳ ಮಂಡಿ ಒಪ್ಪಲಿಲ್ಲ. ಬಾಲಾ ಹಿಸ್ಸಾರದ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಗುಡ್ಡದ ನೆತ್ತಿಗೆ ಕೇಳಿಸುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವ್ವ ಕೆಳಗೇ ನಿಂತಳು, ನಾನು ಮೇಲೆ ಹೋದೆ. ಎಷ್ಟೋ ಜನರ ಚಪ್ಪಾಳೆಯ ನಡುವೆ ಅವಳದು ಗುರುತು ಹತ್ತಿತು. ಭಜನೆಗೆ ತಾಳ ಹಾಕಿದಂತೆ ಎರಡು ಗಟ್ಟಿ, ಒಂದು ಮೆತ್ತಗೆ. 1687ರಲ್ಲಿ ಔರಂಗಜೇಬ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಗೆದ್ದ ಕೋಟೆ ಇದು. ಮೇಲೆ ನಿಂತ ನನಗೆ ಆ ತಾಳದ ಮುಂದೆ ಅದ್ಯಾವುದೂ ನೆನಪಾಗಲಿಲ್ಲ.

ಮಾರನೆಯ ದಿನ ಆಬಿಡ್ಸ್‌ನಲ್ಲಿ ಸೀರೆ ಕೊಂಡೆವು. ಈ ಪೇಟೆಯ ಹೆಸರಿನಲ್ಲೇ ಒಂದು ವಜ್ರದ ಕಥೆ ಅಡಗಿದೆ. ಆಲ್ಬರ್ಟ್ ಆಬಿದ್ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಪ್ತ ಸೇವಕ. ಅವನ ಅಂಗಡಿ ಇಲ್ಲಿತ್ತು, ಅದರಿಂದಲೇ ಆಬಿಡ್ಸ್. 1891ರಲ್ಲಿ ಸಿಮ್ಲಾದ ರತ್ನವ್ಯಾಪಾರಿ ಅಲೆಕ್ಸಾಂಡರ್ ಮಾಲ್ಕಮ್ ಜೇಕಬ್ ಇವನ ಮೂಲಕ ಅರಮನೆಗೆ ಒಂದು ವಜ್ರದ ಸುದ್ದಿ ಮುಟ್ಟಿಸಿದ. ಬೆಲೆ 46 ಲಕ್ಷ ರೂಪಾಯಿಗೆ ಕುದುರಿತು. ಲಕ್ಷಗಟ್ಟಲೆ ಮುಂಗಡವೂ ಸಂದಿತು. ಕಲ್ಲು ಎದುರಿಗೆ ಬಂದಾಗ ನಿಜಾಮರು ಒಲ್ಲೆನೆಂದರು, ಮುಂಗಡ ವಾಪಸು ಕೇಳಿದರು. ಜೇಕಬ್ ಕೊಡಲಿಲ್ಲ. ವ್ಯಾಜ್ಯ ಕಲ್ಕತ್ತೆಯ ಹೈಕೋರ್ಟಿಗೆ ಹೋಯಿತು. ಗದ್ದುಗೆಯ ಮೇಲಿನ ದೊರೆ ಕಮಿಷನ್ ಮುಂದೆ ಕೂತು ಸಾಕ್ಷಿ ನುಡಿಯಬೇಕಾಯಿತು. ಆ ಕಾಲಕ್ಕೆ ಅದು ಎಂಥ ಮುಜುಗರವೋ! ಮೋಸದ ಆರೋಪದಿಂದ ಜೇಕಬ್ ಬಿಡುಗಡೆಯಾದ. ಆದರೆ ವ್ಯಾಪಾರ ಮುರಿದುಬಿತ್ತು, ದುಡ್ಡು ಹೋಯಿತು. 1921ರಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡ. ವಜ್ರ ಮಾತ್ರ ಕಡೆಗೆ ನಿಜಾಮರ ಮನೆಯನ್ನೇ ಸೇರಿತು, ಜೇಕಬ್‌ನ ಹೆಸರನ್ನು ಹೊತ್ತುಕೊಂಡು.

ನನ್ನನ್ನು ಬಹಳ ಕಾಡುವುದು ಇನ್ನೊಂದು ಸಂಗತಿ. ಆ ವಜ್ರ ಗೋಲ್ಕೊಂಡದ್ದಲ್ಲ! ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಸಿಕ್ಕಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಾಣೆ ಹಿಡಿಸಿಕೊಂಡು ಬಂದದ್ದು. ಗೋಲ್ಕೊಂಡದ ಒಡೆಯನೇ ಹೊರಗಿನ ವಜ್ರಕ್ಕೆ ಲಕ್ಷಾಂತರ ಸುರಿಯುವಷ್ಟರ ಮಟ್ಟಿಗೆ ಕೃಷ್ಣೆಯ ಗಣಿಗಳು ಅಷ್ಟು ಹೊತ್ತಿಗೆ ಬರಿದಾಗಿದ್ದವು.

ನಿಜಾಮರ ಹಳೆಯ ಅರಮನೆ ಪುರಾನಿ ಹವೇಲಿಯಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಬೆಳ್ಳಿಹಬ್ಬದ ಕಾಣಿಕೆಗಳಿವೆ. ಬೆಳ್ಳಿ ಬಂಗಾರದ ಸಾಮಾನು ಎಷ್ಟಿದ್ದರೂ ಕಣ್ಣು ಬೇಗ ದಣಿಯುತ್ತದೆ. ಅವನ್ನು ನಾವು ಸರಸರ ದಾಟಿದೆವು. ನಿಂತದ್ದು ಮಹಬೂಬರ ಬಟ್ಟೆಯ ಕಪಾಟಿನ ಮುಂದೆ. ಕಪಾಟೆಂದರೆ ಓಣಿಯಷ್ಟು ಉದ್ದ, ಎರಡು ಅಂತಸ್ತು, ಬರ್ಮಾ ತೇಗದ್ದು. ಅದೇ ದೊರೆ 1908ರ ಮೂಸಿ ಮಹಾಪೂರದಲ್ಲಿ ಮನೆ ಕಳೆದುಕೊಂಡವರಿಗೆ ಅರಮನೆಯ ಬಾಗಿಲು ತೆರೆಸಿದವರು. ವಜ್ರದ ಮೇಲೆ ಅವರಿಗೆ ಮನಸ್ಸೇ ಹತ್ತಲಿಲ್ಲ. 1911ರಲ್ಲಿ ಅವರು ತೀರಿಕೊಂಡ ಮೇಲೆ ಮಗನಿಗೆ ಅದು ಅವರ ಹಳೆಯ ಕಾಲುಜೋಡಿನ ತುದಿಯಲ್ಲಿ ಸಿಕ್ಕಿತೆಂದೂ, ಮಗ ಅದನ್ನು ಕಾಗದ ಹಾರದಂತೆ ಮೇಲಿಡುವ ಕಲ್ಲಾಗಿ ಬಳಸಿದರೆಂದೂ ಹೇಳುತ್ತಾರೆ.

ನಾನು ಕಥೆ ಹೇಳಿ ಮುಗಿಸುವಷ್ಟರಲ್ಲಿ ಅವ್ವ ಬಗ್ಗಿ ಬಗ್ಗಿ ನೋಡುತ್ತಿದ್ದಳು. "ಯಾವ ಜೋಡಿನಾಗ ಇಟ್ಟಿದ್ರೋ ಏನೋ" ಎಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು. "ಅದನ್ನ ಕೊಂಡಿದ್ದು ಯಾರ ರೊಕ್ಕಲೆ?"

ಅವಳಿಗೆ ತನ್ನ ಅಪ್ಪ ಊರ ಕಂದಾಯದ ಲೆಕ್ಕ ಇಡುವ ಪಟವಾರಿಯ ಮುಂದೆ ನಿಜಾಮರ ‘ಹಾಲಿ ಸಿಕ್ಕಾ’ ರೂಪಾಯಿ ಎಣಿಸಿ ಇಡುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಚಾರ್‌ಮಿನಾರಿನ ಚಿತ್ರವಿದ್ದ ನಾಣ್ಯ. ಮಳೆ ಹೋದ ವರ್ಷ ಎತ್ತು ಮಾರಿ ಕಂದಾಯದ ಪಟ್ಟಿ ಕಟ್ಟಿದ್ದರಂತೆ. ರಾಯಚೂರು, ಕಲಬುರಗಿ, ಬೀದರ ಸೀಮೆಯ ಜೋಳ ಹತ್ತಿ ಬೆಳೆದವರ ಬೆವರೂ ಆ ಬೊಕ್ಕಸಕ್ಕೆ ಸೇರಿದೆ. ಇಷ್ಟು ವರ್ಷ ವಜ್ರದ ಚರಿತ್ರೆ ಓದಿದ ನಾನು ಈ ಪ್ರಶ್ನೆಯನ್ನು ನನಗೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಫೆಬ್ರುವರಿಯಲ್ಲಿ ದೆಹಲಿಯ ರಾಷ್ಟ್ರೀಯ ವಸ್ತು ಸಂಗ್ರಹಾಲಯದ ಸುದ್ದಿ ಬಂತು. ಮಾರ್ಚಿನಲ್ಲಿ ಹೋದೆವು. ನಿಜಾಮರು 1950ರ ದಶಕದ ಆರಂಭದಲ್ಲಿ ಟ್ರಸ್ಟ್ ಮಾಡಿ ಇಟ್ಟಿದ್ದ ಒಡವೆಗಳು ಇವು. ಭಾರತ ಸರ್ಕಾರ 1995ರಲ್ಲಿ 218 ಕೋಟಿ ರೂಪಾಯಿ ಕೊಟ್ಟು ಕೊಂಡುಕೊಂಡಿತು. ಒಟ್ಟು 173.

ಮಂದ ಬೆಳಕು, ದಪ್ಪ ಗಾಜು, ಪಿಸುಮಾತು. ಸಾತ್‌ಲಡಾ ಎಂಬ ಏಳೆಳೆಯ ಬಸ್ರಾ ಮುತ್ತಿನ ಸರದಲ್ಲಿ 465 ಮುತ್ತು. ಆ ಬಿಳುಪು ಹೊಳಪಲ್ಲ, ಹಾಲಿನ ಕೆನೆಯ ಹಾಗೆ ಒಳಗಿನಿಂದ ಬರುವ ತಂಪು. ಕೊಲಂಬಿಯಾದ ಪಚ್ಚೆ, ಪೇಟಕ್ಕೆ ಸಿಕ್ಕಿಸುವ ಸರ್‌ಪೇಚ್, ತೋಳಬಂದಿ, ಸೊಂಟಪಟ್ಟಿ. ಕೆಲವು ಒಡವೆಗಳ ಬೆನ್ನಿಗೂ ಮೀನಾಕಾರಿ ಕೆಲಸ. ತೊಟ್ಟವರ ಮೈಗಷ್ಟೇ ಗೊತ್ತಾಗುವ ಹೂಬಳ್ಳಿ. ಕಾಣದ ಕಡೆಗೂ ಅಷ್ಟು ಶ್ರದ್ಧೆ ಇಟ್ಟ ಆ ಅಕ್ಕಸಾಲಿಗರ ಹೆಸರು ಅಲ್ಲಿ ಕಾಣಲಿಲ್ಲ. ನನಗೆ ಅದು ನೋವು ತಂದಿತು.

ಜೇಕಬ್ ವಜ್ರಕ್ಕೆ ಬೇರೆ ಪೆಟ್ಟಿಗೆ. 184.75 ಕ್ಯಾರೆಟ್, ಅಂದರೆ ಸುಮಾರು 37 ಗ್ರಾಂ, ಮೂರು ತೊಲದ ಮೇಲೆ ಚೂರು. ಉದ್ದ ನಾಲ್ಕು ಸೆಂಟಿಮೀಟರ್ ತುಂಬುವುದಿಲ್ಲ. ಬಣ್ಣವಿಲ್ಲದ ಕಲ್ಲು, ನಾವು ಒಂದು ಹೆಜ್ಜೆ ಸರಿದರೆ ನೀಲಿ, ಇನ್ನೊಂದು ಹೆಜ್ಜೆಗೆ ಕೆಂಡ. ಅವ್ವ ಗಾಜಿಗೆ ಹಣೆ ತಾಗುವಷ್ಟು ಬಾಗಿದಳು.

"ನಮ್ಮ ಮುತ್ಯಾ ಕಟ್ಟಿದ ಪಟ್ಟೀನೂ ಇದರಾಗ ಐತಿ, ತಮ್ಮಾ."

ಹೌದವ್ವ ಎಂದೆ. ಪ್ರದರ್ಶನ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆಂದು ಅವಳು ಕಾವಲಿನವರನ್ನು ತನ್ನ ದಖ್ಖನಿ ಉರ್ದುವಿನಲ್ಲಿ ಕೇಳಿದಳು. ಬ್ಯಾಂಕಿನ ತಿಜೋರಿಗೆ ಎಂದರು. ರಿಸರ್ವ್ ಬ್ಯಾಂಕಿನದು ಎಂದು ನಾನು ಬಿಡಿಸಿ ಹೇಳಿದೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೂ ಇವು ಬಂದು ಹೋದದ್ದುಂಟು, ಆದರೆ ಅಲ್ಲೇ ಉಳಿಯಲಿಲ್ಲ. ಉಳಿಯಬೇಕಾದದ್ದು ಅಲ್ಲೇ. ಬೀದರಿನ, ಕಲಬುರಗಿಯ, ನಮ್ಮೂರಿನ ಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ನೋಡಿ ರಾತ್ರಿಗೆ ಮನೆ ಸೇರುವಂತಿರಬೇಕು.

ಹಿಂದಿನಿಂದ ಸಾಲು ತಳ್ಳಿತು, ಹೊರಗೆ ಬಂದೆವು. ಅಂಗಳದ ಬಿಸಿಲಲ್ಲಿ ಅವ್ವ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ಕೈ ಹಿಡಿದಳು.

"ನಡಿ, ಇನ್ನೊಮ್ಮೆ ನೋಡೂಣು."

ಸಾಲಿನ ಕೊನೆಗೆ ಹೋಗಿ ನಿಂತೆವು.