ಘಾಟಿ ಹತ್ತಿದ ಜೀಗುಜ್ಜೆ

ಎಂಟು ವರ್ಷದ ಹಿಂದೆ ಬೆಳ್ತಂಗಡಿ ಕಡೆಯ ತವರಿನಿಂದ ಒಂದು ಜೀಗುಜ್ಜೆ ಸಸಿ ತಂದೆ. ಹಳೇ ಪೇಂಟ್ ಡಬ್ಬದಲ್ಲಿಟ್ಟು, ಬಸ್ಸಿನಲ್ಲಿ ಕಾಲಸಂದಿಯಲ್ಲಿ ಹಿಡಿದುಕೊಂಡು. ಚಾರ್ಮಾಡಿಯ ಪ್ರತಿ ತಿರುವಿನಲ್ಲೂ ಅದರ ಎಲೆ ಪಕ್ಕದವರ ಮುಖಕ್ಕೆ ಬಡಿಯುತ್ತಿತ್ತು. ಮೂಡಿಗೆರೆಯ ನಮ್ಮ ಮನೆ ಮುಟ್ಟಿದಾಗ ಅತ್ತೆ, "ದೀವಿ ಹಲಸಾ? ಇಲ್ಲಿಯ ಚಳಿಗೆ ಬರಲ್ಲ ಬಿಡು" ಅಂದರು.

ಬಂತೇನೋ ಬಂತು. ಆದರೆ ಅದನ್ನು ಅಮ್ಮನ ಮನೆಯ ಮರದ ಮಗು ಅಂತ ಯಾರೂ ಗುರುತು ಹಿಡಿಯಲಾರರು. ಮಗು ಅನ್ನೋದೂ ತಪ್ಪೇ. ನಮ್ಮ ಜೀಗುಜ್ಜೆಗೆ ಬೀಜವಿಲ್ಲ, ಬೇರಿನಿಂದ ಎದ್ದ ಚಿಗುರನ್ನೇ ಕಿತ್ತು ನೆಡಬೇಕು. ಅಂದರೆ ಎರಡೂ ಒಂದೇ ಮರ, ಒಂದು ಘಾಟಿಯ ಕೆಳಗೆ, ಇನ್ನೊಂದು ಸುಮಾರು 950 ಮೀಟರ್ ಎತ್ತರದಲ್ಲಿ. 1000 ಮೀಟರ್ ಏರಿದರೆ ಹೆಚ್ಚುಕಡಿಮೆ 6 ಡಿಗ್ರಿ ಸೆಕೆ ಕಡಿಮೆ. ಈ ಮರ ಬೆಚ್ಚಗಿನ ದ್ವೀಪಗಳ ಕಡೆಯದು, ತಗ್ಗಿನ ಊರುಗಳಲ್ಲೇ ಚೆನ್ನಾಗಿ ಬೆಳೆಯುತ್ತದೆ.

ಕೆಳಗಿನ ಮರ ನೆಟ್ಟಗೆ ಹೋಗಿ, ಮಾಡಿನಿಂದ ಎಷ್ಟೋ ಮೇಲೆ ಕೊಡೆ ಬಿಚ್ಚಿದೆ. ನಮ್ಮದು ಈಗಷ್ಟೇ ಹಂಚಿನ ಅಂಚು ಮುಟ್ಟಿದೆ, ಗಿಡ್ಡಕ್ಕೆ, ದಪ್ಪಕ್ಕೆ. ಚಿಗುರಿನ ಮೇಲಿನ ಪೊರೆ ಕಳಚಿದಾಗ ಕೊಂಬೆಗೆ ಉಂಗುರದಂಥ ಗುರುತು ಬೀಳುತ್ತದಲ್ವಾ, ಅದನ್ನು ನೋಡಿ. ಅಮ್ಮನ ಮನೆಯಲ್ಲಿ ಎರಡು ಉಂಗುರಗಳ ನಡುವೆ ನನ್ನ ಮೂರು ಬೆರಳು ಹಿಡಿಸುತ್ತವೆ. ಇಲ್ಲಿ ಒಂದು ಬೆರಳಿಗೇ ಜಾಗ ಸಾಲದು. ಎಂಟು ವರ್ಷದ ಚಳಿಯ ಲೆಕ್ಕ ಕೊಂಬೆಯ ಮೇಲೇ ಇದೆ.

ಎಲೆ ನೋಡಿದಾಗ ಮಾತ್ರ ನನ್ನೊಳಗಿನ ಹಳೇ ಬಿಎಸ್ಸಿ ಎದ್ದು ಕೂತಿತು. ಎಳೆಯ ಮರದ ಎಲೆ ಮುದಿ ಮರದ್ದಕ್ಕಿಂತ ದೊಡ್ಡದಿರುವುದು ವಾಡಿಕೆ. ಇಲ್ಲಿ ಉಲ್ಟಾ. ಅಮ್ಮನ ಮುದಿ ಮರದ ಎಲೆ ಊಟಕ್ಕೆ ಹಾಸುವಷ್ಟಿದೆ, ನಮ್ಮದು ತಿಂಡಿ ತಟ್ಟೆಯಷ್ಟು. ಆದರೆ ಕೈಯಲ್ಲಿ ಹಿಡಿದರೆ ನಮ್ಮದೇ ಗಟ್ಟಿ, ಮಡಚಿದರೆ ಪಟ್ಟನೆ ಮುರಿಯುತ್ತದೆ.

ಎರಡನ್ನೂ ಕ್ಯಾರೆಟ್ಟಿನ ಸೀಳಿಗೆ ಸಿಕ್ಕಿಸಿ ಬ್ಲೇಡಿನಿಂದ ತೆಳ್ಳಗೆ ಕೊಯ್ದೆ. ಮಗಳ ಫೋಲ್ಡ್‌ಸ್ಕೋಪ್‌ನಲ್ಲಿ, ಅಂದರೆ ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕದಲ್ಲಿ, ನೋಡಿದೆ. ಎಲೆಯ ಮೇಲುಗಡೆ ಕಂಬಗಳ ಹಾಗೆ ನಿಂತ ಹಸಿರು ಕೋಶಗಳಿರುತ್ತವೆ. ನಮ್ಮ ಎಲೆಯಲ್ಲಿ ಆ ಕಂಬಗಳು ಉದ್ದ, ಒತ್ತೊತ್ತು. ತಂಪಿನಲ್ಲಿ ಕೋಶಗಳು ಹಿಗ್ಗುವುದು ನಿಧಾನ. ಹಾಗಾಗಿ ಎಲೆ ಹರಡಿಕೊಳ್ಳುವ ಬದಲು ದಪ್ಪವಾಗುತ್ತದೆ. ಬೆಟ್ಟದ ಎಷ್ಟೋ ಮರಗಳದ್ದು ಇದೇ ಕಥೆ.

ಪತ್ರರಂಧ್ರ, ಅಂದರೆ ಎಲೆ ಉಸಿರಾಡುವ ಸಣ್ಣ ತೂತು, ಎಣಿಸುವುದೇ ಪೇಚಾಟ. ಎಲೆಯ ಅಡಿಭಾಗಕ್ಕೆ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸೆಲೋಟೇಪಿನಿಂದ ಕಿತ್ತರೆ ಅಚ್ಚು ಬರುತ್ತದೆ. ಜೀಗುಜ್ಜೆಯ ನರಗಳ ಮೇಲೆ ರೋಮ ಜಾಸ್ತಿ, ಮೊದಲ ನಾಲ್ಕು ಸಲ ಅಚ್ಚು ಹರಿಯಿತು. ನರಗಳ ನಡುವಿನ ಬಯಲಿಗೆ ಮಾತ್ರ ಹಚ್ಚಿದಾಗ ಬಂತು. ನಮ್ಮ ಎಲೆಯಲ್ಲಿ ರಂಧ್ರಗಳು ಚಿಕ್ಕವು, ಒತ್ತಾಗಿವೆ ಅನ್ನಿಸಿತು. ಆದರೆ ಇದನ್ನೆಲ್ಲ ಎತ್ತರದ ತಲೆಗೆ ಕಟ್ಟಲು ನನಗೆ ಧೈರ್ಯವಿಲ್ಲ. ಅಮ್ಮನ ಮರದ ಎಲೆಯನ್ನು ಅಣ್ಣ ಕೈಗೆಟುಕುವ ಕೆಳಗಿನ ನೆರಳಿನಿಂದ ಕೊಯ್ದಿದ್ದ, ನಾನು ಬಿಸಿಲಿಗೆ ಚಾಚಿದ ಕೊಂಬೆಯಿಂದ. ಬಿಸಿಲಿನ ಎಲೆ ಯಾವ ಊರಲ್ಲೂ ನೆರಳಿನದ್ದಕ್ಕಿಂತ ಚಿಕ್ಕದು, ದಪ್ಪ. ಮುಂದಿನ ಸಲ ಏಣಿ ಹತ್ತಿ ತುದಿಯದ್ದೇ ಕೊಯ್ಯಬೇಕು ಅಂತ ಫೋನಿನಲ್ಲಿ ಹೇಳಿದೆ. "ನಿನ್ನ ಎಲೆಗೋಸ್ಕರ ಸೊಂಟ ಮುರ್ಕೊಳ್ಲಾ?" ಅಂದ.

ಹೀಗೆ ಸಸಿ ಸಾಗಿಸಿದವಳು ನಾನೊಬ್ಬಳೇ ಅಲ್ಲ. ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ಸಾವಿರಕ್ಕೂ ಹೆಚ್ಚು ಜೀಗುಜ್ಜೆ ಸಸಿ ತುಂಬಿಕೊಂಡು ಹೊರಟಿದ್ದ. 1789ರಲ್ಲಿ ಅವನ ಬೌಂಟಿ ಹಡಗಿನವರು ದಂಗೆ ಎದ್ದು ಅವನ್ನೆಲ್ಲ ಸಮುದ್ರಕ್ಕೆಸೆದರು. ಆ ಬಸ್ಸಿನವರು ನನ್ನ ಡಬ್ಬ ಎಸೆಯಲಿಲ್ಲ, ಪುಣ್ಯ.

ಈ ವರ್ಷ ಮೊದಲ ಸಲ ಎರಡು ಕಾಯಿ ಬಿಟ್ಟಿತ್ತು. ಒಂದು ಹೀಚಿನಲ್ಲೇ ಉದುರಿತು. ಇನ್ನೊಂದನ್ನು ಕೊಯ್ದು ಪೋಡಿ ಕರಿದೆ. ಅತ್ತೆ ಐದು ತಿಂದು, "ಮರ ಗಿಡ್ಡ ಆದ್ರೇನಂತೆ, ಕೊಯ್ಯೋಕೆ ದೋಟಿ ಬೇಡ" ಅಂದರು.