ಹೆಸರುಗಳ ನಕ್ಷೆ: ಐಸೆನ್‌ಹೋವರ್ ಕವಲು ಎಲ್ಲಿಗೆ ಬಂತು

ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ಮನೆತನಗಳಲ್ಲಿ ಮಕ್ಕಳಿಗೆ ಹೆಸರಿಡುವ ಪದ್ಧತಿ ತಲೆಮಾರುಗಳಲ್ಲಿ ಹೇಗೆ ಬದಲಾಯಿತು ಎಂದು ನಕ್ಷೆ ಮಾಡುತ್ತಿದ್ದೇನೆ. ಮೊದಲಿಗೆ ಅಧ್ಯಕ್ಷ ಐಸೆನ್‌ಹೋವರ್ ಅವರ ವಂಶವನ್ನು ಎತ್ತಿಕೊಂಡೆ. ಐಸೆನ್‌ಹೌವರ್ ಹೋಗಿ ಐಸೆನ್‌ಹೋವರ್ ಆದ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಕುತೂಹಲವೆಲ್ಲ ಮನೆತನದ ಹೆಸರಿಗಿಂತ ಮುಂದೆ ಇರುವ ಹೆಸರುಗಳಲ್ಲಿ.

ಬೇರು 1741ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ ಹಾನ್ಸ್ ನಿಕೊಲಾಸ್. ಆ ಕಾಲದ ಜರ್ಮನ್ ಪ್ರಾಟೆಸ್ಟಂಟರು ದೀಕ್ಷಾಸ್ನಾನದಲ್ಲಿ ಮಗುವಿಗೆ ಎರಡು ಹೆಸರಿಡುವುದು ರೂಢಿ. ಯೋಹಾನ್ ಎಂಬ ಮೊದಲ ಹೆಸರು ಅಣ್ಣತಮ್ಮಂದಿರಿಗೆಲ್ಲ ಒಂದೇ ಆಗಿರಬಹುದಿತ್ತು, ಕರೆಯುತ್ತಿದ್ದುದು ಎರಡನೆಯದರಿಂದ. ಹಾಗಾಗಿ ಕೋಷ್ಟಕದಲ್ಲಿ ‘ಇಟ್ಟ ಹೆಸರು’, ‘ಕರೆಯುವ ಹೆಸರು’ ಎಂದು ಎರಡು ಕಾಲಂ ಹಾಕಿದ್ದೇನೆ. ಇವಿಲ್ಲದಿದ್ದರೆ ಚರ್ಚ್ ಪುಸ್ತಕದ ಮನುಷ್ಯನೂ ತೆರಿಗೆ ಪಟ್ಟಿಯ ಮನುಷ್ಯನೂ ಒಬ್ಬನೇ ಎಂದು ತಿಳಿಯುವುದೇ ಕಷ್ಟ.

ಮುಂದಿನ ಸಾಲು: ಪೀಟರ್, ಫ್ರೆಡರಿಕ್, ಜೇಕಬ್ ಫ್ರೆಡರಿಕ್, ಡೇವಿಡ್ ಜೇಕಬ್. ಕೊನೆಯ ಇಬ್ಬರಲ್ಲೂ ತಂದೆಯ ಹೆಸರು ಎರಡನೆಯ ಸ್ಥಾನಕ್ಕೆ ಸರಿದಿದೆ! ಇದನ್ನು ಕೋಷ್ಟಕದಲ್ಲಿ ಸಾಲಾಗಿ ಕಂಡಾಗ ನಿಜಕ್ಕೂ ಹಿಗ್ಗಿದೆ.

ಡೇವಿಡ್ ಮತ್ತು ಐಡಾ ಸ್ಟೋವರ್ ದಂಪತಿಯ ಏಳು ಗಂಡುಮಕ್ಕಳು ಆರ್ಥರ್, ಎಡ್ಗರ್, ಡ್ವೈಟ್, ರಾಯ್, ಪಾಲ್, ಅರ್ಲ್, ಮಿಲ್ಟನ್. ಹಾನ್ಸ್, ನಿಕೊಲಾಸ್‌ಗಳ ಸುಳಿವೇ ಇಲ್ಲ, ಎಲ್ಲವೂ ಅಮೆರಿಕದ ಹೆಸರುಗಳು. ಆದರೆ ಎರಡನೆಯ ಹೆಸರು ನೋಡಿ: ರಾಯ್ ಜೇಕಬ್‌ನಲ್ಲಿ ಅಜ್ಜನಿದ್ದಾನೆ, ಮಿಲ್ಟನ್ ಸ್ಟೋವರ್‌ನಲ್ಲಿ ತಾಯಿಯ ತವರು. ವಂಶದ ನೆನಪು ಅಳಿಯಲಿಲ್ಲ, ಜಾಗ ಬದಲಿಸಿತು ಎಂದೇ ನಾನು ಓದುತ್ತೇನೆ. 1890ರಲ್ಲಿ ಹುಟ್ಟಿದಾಗ ಅಧ್ಯಕ್ಷರ ಹೆಸರು ಡೇವಿಡ್ ಡ್ವೈಟ್. ತಂದೆಯೂ ಡೇವಿಡ್ ಆದ್ದರಿಂದ ಮನೆಯಲ್ಲಿ ಡ್ವೈಟ್ ಎಂದೇ ಕರೆದರು, ಮುಂದೆ ಬರವಣಿಗೆಯಲ್ಲೂ ಕ್ರಮ ತಿರುಗಿ ಡ್ವೈಟ್ ಡೇವಿಡ್ ಆಯಿತು.

ಅವರು ಮೇಮಿ ಡೌಡ್ ಅವರನ್ನು ಮದುವೆಯಾದರು. 1917ರಲ್ಲಿ ಹುಟ್ಟಿದ ಮೊದಲ ಮಗ ಡೌಡ್ ಡ್ವೈಟ್; ಇಲ್ಲಿ ತಾಯಿಯ ತವರಿನ ಹೆಸರೇ ಮುಂದೆ ನಿಂತಿದೆ. ಆ ಕೂಸು 1921ರಲ್ಲಿ ತೀರಿಕೊಂಡಿತು. ಮರುವರ್ಷ ಹುಟ್ಟಿದವನು ಜಾನ್ ಶೆಲ್ಡನ್ ಡೌಡ್. ಜಾನ್‌ನ ಮಗನಿಗೆ ಮತ್ತೆ ಡ್ವೈಟ್ ಡೇವಿಡ್ ಎಂದೇ ಹೆಸರಿಟ್ಟರು. ಅಧ್ಯಕ್ಷರ ಬೆಟ್ಟದ ವಿಶ್ರಾಂತಿಧಾಮಕ್ಕೆ ಕ್ಯಾಂಪ್ ಡೇವಿಡ್ ಎಂಬ ಹೆಸರು ಬಂದದ್ದು ಈ ಮೊಮ್ಮಗ ಮತ್ತು ಅಧ್ಯಕ್ಷರ ತಂದೆ ಇಬ್ಬರಿಂದಲೂ.

ಈಗ ‘ತಾಯಿಯ ತವರು’ ಎಂಬ ಮೂರನೆಯ ಕಾಲಂ ಸೇರಿಸಿ ಹಿಂದಿನ ಸಾಲುಗಳನ್ನು ತುಂಬುತ್ತಿದ್ದೇನೆ. ಆಮೇಲೆ ಹೂವರ್ ಕವಲು: 1738ರಲ್ಲಿ ಬಂದ ಆಂಡ್ರಿಯಾಸ್ ಹೂಬರ್‌ನಿಂದ ಅಧ್ಯಕ್ಷ ಹರ್ಬರ್ಟ್ ಕ್ಲಾರ್ಕ್ ಹೂವರ್‌ವರೆಗೆ. ಅವರ ತಂದೆ ಜೆಸ್ಸಿ ಕ್ಲಾರ್ಕ್, ಅಣ್ಣ ಥಿಯೊಡೋರ್ ಜೆಸ್ಸಿ. ತಂದೆಯ ಎರಡು ಹೆಸರನ್ನು ಅಣ್ಣತಮ್ಮಂದಿರು ಹಂಚಿಕೊಂಡಂತಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.