ಐದು ತುಂಬುವ ಮೊದಲು ಹಂಪಿಗೆ

"ಮಗೂಗೆ ಐದು ತುಂಬೋದ್ರೊಳಗೆ ಎಲ್ಲಾದ್ರೂ ದೂರ ಹೋಗಿ ಬನ್ನಿ, ಆಮೇಲೆ ಟಿಕೆಟ್ ಬೀಳುತ್ತೆ" ಅಂತ ನಮ್ಮತ್ತೆ ಹೇಳುತ್ತಲೇ ಇದ್ದರು. ಅವರ ಲೆಕ್ಕ ಸರಿ. ರೈಲಿನಲ್ಲಿ ಐದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರೊಳಗೆ ಬರ್ತ್ ಬೇಡ ಅಂದರೆ ಅರ್ಧ ಚಾರ್ಜು, ಬೇಕು ಅಂದರೆ ಪೂರ್ತಿ. 2016ರವರೆಗೆ ಅರ್ಧ ಚಾರ್ಜಿಗೇ ಬರ್ತ್ ಸಿಗುತ್ತಿತ್ತು. ಅದೂ ಹೋಯಿತು. ವಿಮಾನದ ಮಾತೇ ಬೇಡ, ಅಲ್ಲಿ ಎರಡು ವರ್ಷ ದಾಟಿದರೆ ಸೀಟಿನ ದುಡ್ಡು ಕೊಡಲೇಬೇಕು.

ಹಂಪಿ ಎಕ್ಸ್‌ಪ್ರೆಸ್‌ಗೆ ಎರಡೇ ಸ್ಲೀಪರ್ ಟಿಕೆಟ್ ಮಾಡಿಸಿದೆವು. ಒಂದು ಕೆಳಗಿನ ಬರ್ತ್ ಆಗಲೇಬೇಕು ಅಂತ ನಾನು ಮೊದಲೇ ಹೇಳಿದ್ದೆ. ಮಗಳು ಗೋಡೆ ಕಡೆ, ನಾನು ಅಂಚಿನಲ್ಲಿ. ಉಳಿದದ್ದು ಒಂದು ಬರ್ತಿನ ದುಡ್ಡು, ಹೋದದ್ದು ನನ್ನ ನಿದ್ದೆ. ಬೆಂಗಳೂರು ಬಿಟ್ಟ ಸ್ವಲ್ಪ ಹೊತ್ತಿಗೆ ಟಿಸಿ ಬಂದರು. "ಎಷ್ಟು ವರ್ಷ ಪುಟ್ಟಿ?" ಅಂದರು. ಮನೆಯಲ್ಲಿ ದಿನಾ ಐದು, ಐದು ಅಂತಲೇ ಕೇಳಿದವಳು. ಅಂಗೈ ಪೂರ್ತಿ ಬಿಚ್ಚಿ "ಐದು!" ಅಂದುಬಿಟ್ಟಳು. ನಾನು ಗಡಿಬಿಡಿಯಲ್ಲಿ ಅವಳ ನೀಲಿ ಬಾಲ ಆಧಾರ್ ಹುಡುಕಿ ತೆಗೆದೆ. ಅವರು ತಾರೀಕು ನೋಡಿ, "ಇನ್ನೂ ಟೈಮ್ ಇದೆ ಬಿಡಮ್ಮ" ಅಂತ ನಕ್ಕು ಮುಂದೆ ಹೋದರು.

ಮಗುವಿನ ಜೊತೆ ಹೊರಟಾಗ ದುಡ್ಡು ಹೋಗೋದು ಟಿಕೆಟ್ಟಿನಲ್ಲಿ ಅಲ್ಲ, ಅವಸರದಲ್ಲಿ. ಹಸಿವಾಯಿತು ಅಂತ ಅತ್ತರೆ ಕೈಗೆ ಸಿಕ್ಕಿದ್ದು ಕೊಡಿಸುತ್ತೇವೆ. ಸುಸ್ತಾಯಿತು ಅಂತ ಕೂತುಬಿಟ್ಟರೆ ಕೇಳಿದಷ್ಟು ಕೊಟ್ಟು ಆಟೋ ಹತ್ತುತ್ತೇವೆ. ಊಟಕ್ಕೆ ನಾನು ದೊಡ್ಡ ಸಾಹಸ ಏನೂ ಮಾಡಲಿಲ್ಲ. ಒಂದು ಡಬ್ಬಿ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ, ಒಂದು ಸ್ಟೀಲ್ ಲೋಟ. ಯಾವ ಟೀ ಅಂಗಡಿಯಲ್ಲಾದರೂ ಬಿಸಿ ಹಾಲು ಸಿಗುತ್ತದೆ, ಕಲಸಿ ಕೊಟ್ಟರೆ ಹೊಟ್ಟೆ ತುಂಬುತ್ತದೆ. ರಾತ್ರಿ ಮೊಸರನ್ನಕ್ಕೆ ಮೊಸರು ಒಂದು ಚಮಚ, ಉಳಿದದ್ದೆಲ್ಲ ಹಾಲು. ಬೆಳಿಗ್ಗೆ ಹೊತ್ತಿಗೂ ಹುಳಿ ಬಂದಿರಲಿಲ್ಲ.

ಜಾಸ್ತಿ ಉಳಿದದ್ದು ಲಾಡ್ಜಿನಲ್ಲಿ. ರೈಲು ಹೊಸಪೇಟೆ ಮುಟ್ಟೋದು ಬೆಳಿಗ್ಗೆ. ರೂಮು ಕೊಡೋದು ಮಧ್ಯಾಹ್ನ 12ಕ್ಕೆ ಅಂದರೆ, ನಿದ್ದೆಗಣ್ಣಿನ ಮಗು ಇಟ್ಟುಕೊಂಡು ಏನು ಮಾಡೋದು? ಇಲ್ಲವೇ ಹಿಂದಿನ ದಿನದ ಬಾಡಿಗೆಯನ್ನೂ ಕೊಡಬೇಕು. ನಮ್ಮವರು ನಾಲ್ಕಾರು ಕಡೆ ಫೋನ್ ಮಾಡಿ "24 ಗಂಟೆ ಚೆಕ್‌ಔಟ್ ಇದೆಯಾ" ಅಂತ ಕೇಳಿದ್ದರು. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜಿನವರು ಇದೆ ಅಂದರು. ಎಷ್ಟು ಹೊತ್ತಿಗೆ ಬಂದರೂ ಅಲ್ಲಿಂದ ಲೆಕ್ಕ ಶುರು. ಎಕ್ಸ್‌ಟ್ರಾ ಬೆಡ್ ಬೇಡ, ಒಂದು ಹಾಸಿಗೆ ಕೆಳಗೆ ಹಾಕಿಕೊಡಿ ಅಂದೆ. ಅದಕ್ಕೆ ದುಡ್ಡು ಕೇಳಲಿಲ್ಲ. ಬಾಯಿ ಬಿಟ್ಟು ಕೇಳೋಕೆ ನಮ್ಮ ಜನಕ್ಕೆ ಯಾಕೋ ಸಂಕೋಚ.

ಹೊಸಪೇಟೆಯಿಂದ ಹಂಪಿಗೆ ಸರ್ಕಾರಿ ಬಸ್ಸು. ಮಗಳಿಗೆ ಹೇಗೂ ಟಿಕೆಟ್ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನನಗೂ ಇಲ್ಲ, ಆಧಾರ್ ತೋರಿಸಿದರೆ ಸಾಕು. ದುಡ್ಡು ಕೊಟ್ಟವರು ನಮ್ಮವರೊಬ್ಬರೇ. ಕೂರೋಕೆ ಸೀಟು ಸಿಗದವರೂ ಅವರೇ.

ಇಳಿದ ಕೂಡಲೇ ಆಟೋದವರು ಸುತ್ತುವರಿದರು. ಒಂದೇ ದಿನದಲ್ಲಿ ಎಲ್ಲಾ ಪಾಯಿಂಟ್ ತೋರಿಸ್ತೀವಿ ಅಂದರು. ನಾಲ್ಕು ವರ್ಷದ ಮಗುವಿಗೆ ಪಾಯಿಂಟ್ ಅಂದರೆ ಏನು? ಬೆಳಿಗ್ಗೆ ಪೂರ್ತಿ ವಿರೂಪಾಕ್ಷ ದೇವಸ್ಥಾನದಲ್ಲೇ ಕಳೆದೆವು. ಆನೆ ಲಕ್ಷ್ಮಿ ಸೊಂಡಿಲಿನಲ್ಲಿ ನಾಣ್ಯ ತಗೊಂಡು ತಲೆ ಮೇಲೆ ಸೊಂಡಿಲಿಡೋದನ್ನ ಇವಳು ಮತ್ತೆ ಮತ್ತೆ ಮಾಡಿಸಿಕೊಂಡಳು. ಹಿಂದಿನ ಕತ್ತಲೆ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತದಲ್ಲ, ಅದನ್ನು ನೋಡಿ ತಾನೂ ಬಗ್ಗಿ ಕಾಲಿನ ಸಂದಿಯಿಂದ ನೋಡಿದಳು. ಇದಕ್ಕೆಲ್ಲ ಖರ್ಚಾದದ್ದು ಚಿಲ್ಲರೆ.

ವಿಜಯ ವಿಠಲ ದೇವಸ್ಥಾನವನ್ನು ಮರುದಿನಕ್ಕೆ ಇಟ್ಟೆವು. ಅಲ್ಲಿ ದೊಡ್ಡವರಿಗೆ 40 ರೂಪಾಯಿ, ಹದಿನೈದರೊಳಗಿನ ಮಕ್ಕಳಿಗೆ ಉಚಿತ. ಅದೇ ಟಿಕೆಟ್ಟಿನಲ್ಲಿ ಅದೇ ದಿನ ಗಜಶಾಲೆ, ಕಮಲ ಮಹಲ್ ಇರುವ ಆವರಣ, ಕಮಲಾಪುರದ ಮ್ಯೂಸಿಯಂ ಎಲ್ಲಾ ನೋಡಬಹುದು. ಅಗ್ಗ ಅಂತ ಆ ಬಿಸಿಲಲ್ಲಿ ಮಗುವನ್ನು ಓಡಿಸೋದು ಮಾತ್ರ ಬೇಡ. ಅವತ್ತು ಆಟೋಗೆ ನಾವು ಕೈ ಬಿಗಿ ಹಿಡಿಯಲಿಲ್ಲ. ಬೆಳಿಗ್ಗೆಯೇ ವಿಠಲ ದೇವಸ್ಥಾನ, ಮಧ್ಯಾಹ್ನದ ಉರಿ ಬಿಸಿಲಿಗೆ ಮ್ಯೂಸಿಯಂ, ಬಿಸಿಲು ಇಳಿದ ಮೇಲೆ ಗಜಶಾಲೆ. ಅಲ್ಲಿ ಹನ್ನೊಂದು ಕೋಣೆಗಳಿವೆ. ಯಾವುದರಲ್ಲೂ ಆನೆ ಇಲ್ಲ ಅಂತ ಇವಳಿಗೆ ಸಿಟ್ಟು.

ಆಟದ ಸಾಮಾನಿನ ಅಂಗಡಿಗಳ ಭಯಕ್ಕೆ ನಾನೊಂದು ಉಪಾಯ ಮಾಡಿದ್ದೆ. ಊರಿಂದ ಹೊರಡುವಾಗಲೇ ಐವತ್ತರ ಹೊಸ ನೋಟು ಕೊಟ್ಟು, "ಇದು ನಿಂದು, ಏನು ಬೇಕಾದರೂ ತಗೋ, ಮುಗಿದ ಮೇಲೆ ಕೇಳಬಾರದು" ಅಂದಿದ್ದೆ. ಚೆನ್ನಾಗೇ ನಡೆದಿತ್ತು. ಯಾವ ಅಂಗಡಿ ಕಂಡರೂ ನೋಟು ಮುಟ್ಟಿ ನೋಡಿಕೊಂಡು ಮುಂದೆ ಹೋಗುತ್ತಿದ್ದಳು. ವಿಠಲ ದೇವಸ್ಥಾನದಲ್ಲಿ ಎಲ್ಲಾ ಕೆಟ್ಟಿತು. ಕಲ್ಲಿನ ರಥದ ಮುಂದೆ ನಿಂತಾಗ ನಮ್ಮವರು ಸುಮ್ನಿರದೆ ನೋಟು ತಿರುಗಿಸಿ ತೋರಿಸಿದರು. ಅದೇ ರಥ! ಆಮೇಲೆ ಹೊರಗೆ ಮರದ ಬುಗುರಿ ಕಂಡಿತು. ಬುಗುರಿ ಬೇಕು, ನೋಟು ಮಾತ್ರ ಕೊಡಲ್ಲ.

"ಅಮ್ಮಾ, ಇದ್ರಲ್ಲಿ ರಥ ಇದೆ. ನೀನು ಬೇರೆ ದುಡ್ಡು ಕೊಡು."

ಕೊಟ್ಟೆ. ಇನ್ನೇನು ಮಾಡೋದು? ಮುಂದಿನ ಸಲ ಹತ್ತರ ನೋಟುಗಳನ್ನೇ ಕೊಡೋಣ ಅನ್ನೋದು ನಮ್ಮವರ ಸಲಹೆ. ಹತ್ತರ ನೋಟಿನ ಹಿಂದೆ ಕೋನಾರ್ಕದ ಚಕ್ರ ಇದೆ. "ಹಾಗಾದ್ರೆ ಒಡಿಶಾ ಕಡೆ ಮಾತ್ರ ಕರ್ಕೊಂಡು ಹೋಗ್ಬೇಡಿ" ಅಂದೆ.